ವ್ಯಾಕ್ಯೂಫಾರ್ಮ್ ಕಿಟ್‌ಗಳನ್ನು ಮೂಲೆಗೆ ತಳ್ಳಬೇಡಿ

ಮಾನ್ಯ ಸಂಪಾದಕರೇ,

ಮಾದರಿ ವಿಮಾನ ಕಟ್ಟುವ ಹವ್ಯಾಸದ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೇಖನ ಒಟ್ಟಾರೆ ಉಪಯುಕ್ತವಾಗಿದೆ. ಆದರೆ ವ್ಯಾಕ್ಯೂಫಾರ್ಮ್ ಕಿಟ್‌ಗಳು (ಕಾಯಿಸಿದ ಪ್ಲಾಸ್ಟಿಕ್ ಹಾಳೆಯಿಂದ ರೂಪಿಸಿದ ಭಾಗಗಳ ಕಿಟ್‌ಗಳು) ಹಳೆಯ ಕಾಲದವು, ಪಳಗಿದ ಕೈಗಳಿಗೆ ಮಾತ್ರ ಒಗ್ಗುವಂಥವು, ಹೊಸಬರು ಅವುಗಳ ತಂಟೆಗೆ ಹೋಗದಿರುವುದೇ ಲೇಸು ಎಂಬ ಅದರ ಮಾತನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಸಾಮಾನ್ಯ ಇಂಜೆಕ್ಷನ್ ಕಿಟ್‌ಗಳನ್ನು ಒಂದೆರಡಾದರೂ ಅಚ್ಚುಕಟ್ಟಾಗಿ ಮುಗಿಸಿದವರು, ಕಿಟ್ಟನ್ನು ನೋಡಿ ಆರಿಸಿಕೊಂಡು ಉಜ್ಜುವ ಕೆಲಸವನ್ನು ಕ್ರಮವಾಗಿ ಕಲಿತರೆ, ವ್ಯಾಕ್ಯೂಫಾರ್ಮ್ ವಿಮಾನವನ್ನೂ ಕಟ್ಟಬಲ್ಲರು.

ಇಂಜೆಕ್ಷನ್ ಕಿಟ್ ತಯಾರಿಸಲು ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಲೋಹದ ಅಚ್ಚಿನೊಳಕ್ಕೆ ನುಗ್ಗಿಸುತ್ತಾರೆ. ಆ ಅಚ್ಚು ಬಹಳ ದುಬಾರಿ. ಆದ್ದರಿಂದ ಸಾವಿರಾರು ಪ್ರತಿಗಳು ಖರ್ಚಾಗುವ ಭರವಸೆಯಿರುವ ವಿಮಾನಗಳಿಗೆ ಮಾತ್ರ ದೊಡ್ಡ ತಯಾರಕರು ಕೈಹಾಕುತ್ತಾರೆ. ವ್ಯಾಕ್ಯೂಫಾರ್ಮ್ ವಿಧಾನದಲ್ಲಾದರೋ ಪಾಲಿಸ್ಟೈರೀನ್ ಹಾಳೆಯನ್ನು ಮೆತ್ತಗಾಗುವವರೆಗೆ ಕಾಯಿಸಿ, ಮರದ ಅಥವಾ ರೆಸಿನ್‌ನ ಅಚ್ಚಿನ ಮೇಲೆ ಹಾಸಿ, ನಡುವಿನ ಗಾಳಿಯನ್ನು ಹೀರಿ ತೆಗೆದರೆ ಹಾಳೆ ಅಚ್ಚಿನ ಆಕಾರ ತಳೆಯುತ್ತದೆ. ಒಬ್ಬ ವ್ಯಕ್ತಿ ತನ್ನ ಕೋಣೆಯಲ್ಲೇ ಮಾಡಬಹುದಾದ ಕೆಲಸವಿದು. ಹಾಗಾಗಿಯೇ 1970 ಮತ್ತು 1980ರ ದಶಕಗಳಲ್ಲಿ ಬ್ರಿಟನ್ನಿನ ರೇರ್‌ಪ್ಲೇನ್ಸ್, ಕಾಂಟ್ರೇಲ್, ಜರ್ಮನಿಯ ಏರ್‌ಮಾಡೆಲ್‌ನಂಥ ಸಣ್ಣ ತಯಾರಕರು ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡದಿದ್ದ ಎಷ್ಟೋ ವಿಮಾನಗಳನ್ನು ಹವ್ಯಾಸಿಗಳ ಕೈಗೆಟುಕಿಸಿದರು. 1990ರ ದಶಕದಿಂದ ಜೆಕ್ ಗಣರಾಜ್ಯ ಮೊದಲಾದ ಕಡೆಗಳಿಂದ ಸೀಮಿತ ಸಂಖ್ಯೆಯ ಇಂಜೆಕ್ಷನ್ ಕಿಟ್‌ಗಳು ಬರತೊಡಗಿ ಆ ಕೊರತೆ ಬಹಳಷ್ಟು ತುಂಬಿತು, ನಿಜ. ಆದರೂ ವ್ಯಾಕ್ಯೂಫಾರ್ಮ್ ಬಿಟ್ಟರೆ ಬೇರೆ ರೂಪದಲ್ಲಿ ಸಿಗದ ವಿಮಾನಗಳು ಇಂದಿಗೂ ಇವೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಮರುಳಾಗದೆ ಹಾಳೆಯನ್ನೇ ನೋಡಬೇಕು. ಅದನ್ನು ಬೆಳಕಿಗೆ ಹಿಡಿದರೆ ಪ್ಲಾಸ್ಟಿಕ್ ಎಲ್ಲಿ ತೀರ ತೆಳುವಾಗಿದೆ ಎಂಬುದು ತಾನಾಗಿ ಕಾಣುತ್ತದೆ. ಎಂಜಿನ್ ಕವಚ, ರೆಕ್ಕೆಯ ತುದಿಯಂಥ ಕಡೆ ಬೆಳಕು ಧಾರಾಳವಾಗಿ ತೂರಿ ಬರುತ್ತಿದ್ದರೆ ಆ ಭಾಗ ಉಜ್ಜುವಾಗ ತೂತು ಬೀಳುವ ಸಂಭವವಿದೆ. ಉಬ್ಬಚ್ಚಿನ ಮೇಲೆ ಎಳೆದ ಭಾಗಗಳಲ್ಲಿ ವಿಮಾನದ ಮೈಮೇಲಿನ ಗೆರೆಗಳು ಮಸುಕಾಗಿರುತ್ತವೆ, ತಗ್ಗಚ್ಚಿನೊಳಕ್ಕೆ ಎಳೆದವುಗಳಲ್ಲಿ ಹರಿತವಾಗಿರುತ್ತವೆ. ಕ್ಯಾನೊಪಿ, ಅಂದರೆ ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ, ಇದೆಯೇ, ಹಳದಿಗಟ್ಟಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಲೇಬೇಕು. ಇಂಥ ಅನೇಕ ಕಿಟ್‌ಗಳಲ್ಲಿ ಪ್ರೊಪೆಲ್ಲರ್, ಚಕ್ರ, ಲ್ಯಾಂಡಿಂಗ್ ಗೇರ್‌ನ ಕಾಲುಗಳು ಇರುವುದೇ ಇಲ್ಲ. ಇದ್ದರೂ ಬಿಳಿಲೋಹದಲ್ಲಿ (ಸುಲಭವಾಗಿ ಕರಗುವ ಮಿಶ್ರಲೋಹ) ಎರಕ ಹೊಯ್ದು ಕೊಟ್ಟಿರುತ್ತಾರೆ. ಆದ್ದರಿಂದ ಮೊದಲ ಬಾರಿಗೆ ಕೊಳ್ಳುವವರು ಒಂದೇ ಎಂಜಿನ್ನಿನ, ಒಂದೇ ಜೊತೆ ರೆಕ್ಕೆಯ, ಚಕ್ರ ಮತ್ತು ಪ್ರೊಪೆಲ್ಲರುಗಳನ್ನು ಬೇರೊಂದು ಕಿಟ್‌ನಿಂದ ಎರವಲು ಪಡೆಯಬಹುದಾದ ವಿಮಾನವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಎರಡು ಅಂತಸ್ತಿನ ರೆಕ್ಕೆ, ನಡುವೆ ಕಂಬ, ತಂತಿಗಳಿರುವ ವಿಮಾನಗಳನ್ನು ಮುಂದಕ್ಕೆ ಇಟ್ಟುಕೊಳ್ಳಲಿ.

ಹೊಸಬರನ್ನು ಹೆದರಿಸುವುದು ಭಾಗಗಳನ್ನು ಹಾಳೆಯಿಂದ ಬಿಡಿಸಿ ಉಜ್ಜುವ ಹಂತ. ಅದನ್ನೇ ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ. ಮೊದಲು ಭಾಗವು ಹಾಳೆಯನ್ನು ಸಂಧಿಸುವ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ನಂತರ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು, ಅದೇ ಅಂಚಿನ ಗುಂಟ ಹಗುರವಾಗಿ ಎರಡು ಮೂರು ಬಾರಿ ಗೀರಬೇಕು. ಹಾಳೆಯನ್ನು ಪೂರ್ತಿ ಕತ್ತರಿಸುವ ಅಗತ್ಯವಿಲ್ಲ, ಗೀರಿದ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಬಾಗಿಸಿದರೆ ಭಾಗ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಆಗ ಅದರ ಅಂಚಿಗೆ ಹಾಳೆಯ ದಪ್ಪದಷ್ಟು ಹೆಚ್ಚುವರಿ ಪ್ಲಾಸ್ಟಿಕ್ ಅಂಟಿಕೊಂಡೇ ಇರುತ್ತದೆ. ಅದನ್ನು ತೆಗೆಯದೆ ವಿಮಾನದ ಒಡಲಿನ ಎರಡು ಹೋಳುಗಳನ್ನು ಜೋಡಿಸಿದರೆ, ಹಾಳೆ ಒಂದು ಮಿಲಿಮೀಟರ್ ದಪ್ಪವಿದ್ದಲ್ಲಿ ಒಡಲು ಎರಡು ಮಿಲಿಮೀಟರ್ ಅಗಲವಾಗುತ್ತದೆ. 1:72ರ ಅಳತೆಯಲ್ಲಿ, ಅಂದರೆ ನಿಜವಾದ ವಿಮಾನದ 72ನೇ ಒಂದರಷ್ಟಿರುವ ಮಾದರಿಯಲ್ಲಿ, ಇದು ನಿಜವಾದ ವಿಮಾನವನ್ನು 144 ಮಿಲಿಮೀಟರ್ ಹಿಗ್ಗಿಸಿದಂತೆ.

ಆ ಹೆಚ್ಚುವರಿಯನ್ನು ತೆಗೆಯಲು ನೀರಿನಲ್ಲಿ ಬಳಸುವ ಉಪ್ಪುಕಾಗದವನ್ನು ದಪ್ಪ ಗಾಜಿನ ಮೇಲೆ ಅಂಟಿಸಿ, ನೀರು ಚಿಮುಕಿಸಿ, ಭಾಗವನ್ನು ಬೋರಲಾಗಿಟ್ಟು ವೃತ್ತಾಕಾರವಾಗಿ ಉಜ್ಜಬೇಕು. ಬೆರಳಿನ ಒತ್ತಡ ಒಂದೇ ಕಡೆ ಬೀಳದಂತೆ, ಬೆನ್ನಿಗೆ ಟೇಪಿನ ಹಿಡಿಕೆ ಮಾಡಿಕೊಂಡು, ಆಗಾಗ ಭಾಗವನ್ನು ತಿರುಗಿಸಿ ಹಿಡಿಯುವುದು ಮುಖ್ಯ. ಅಂಚು ತೆಳುವಾಗುತ್ತ ಬಂದಂತೆ ಪೆನ್ಸಿಲ್ ಗೆರೆಯ ಆಚೆ ಈರುಳ್ಳಿ ಸಿಪ್ಪೆಯಂಥ ಪೊರೆಯೊಂದು ಉಳಿಯುತ್ತದೆ. ಅದು ಉಗುರಿನಿಂದ ಸುಲಿದು ಬರುವಂತಾದ ಕ್ಷಣವೇ ಕೈ ನಿಲ್ಲಿಸಬೇಕು. ಇಲ್ಲಿ ಅವಸರ ಸಲ್ಲದು: ಅರೆಬರೆ ಉಜ್ಜಿದ್ದನ್ನು ಮತ್ತೆ ಉಜ್ಜಬಹುದು, ಗೆರೆ ದಾಟಿ ಉಜ್ಜಿದ್ದನ್ನು ಮರಳಿ ತುಂಬುವುದು ಕಷ್ಟ. ನೀರು ಹಾಕಿ ಉಜ್ಜುವುದರಿಂದ ಪ್ಲಾಸ್ಟಿಕ್ ಧೂಳು ಗಾಳಿಗೆ ಏಳುವುದಿಲ್ಲವೆಂಬುದೂ ಸಣ್ಣ ಲಾಭವಲ್ಲ.

ಜೋಡಣೆ ಇದಕ್ಕಿಂತ ಸರಳ. ಒಡಲಿನ ಹೋಳುಗಳ ಒಳಅಂಚಿಗೆ ಪ್ಲಾಸ್ಟಿಕ್ ಪಟ್ಟಿಯ ತುಣುಕುಗಳನ್ನು ಅಂಟಿಸಿದರೆ ಅವು ಸರಿಯಾಗಿ ಕೂಡುತ್ತವೆ. ರೆಕ್ಕೆಗಳಿಗೆ ಒಡಲನ್ನು ಹಾದು ಹೋಗುವ ಗಟ್ಟಿ ಪಟ್ಟಿಯ ಆಸರೆ ಬೇಕು. ರೆಕ್ಕೆಯ ಹಿಂಬದಿಯ ಅಂಚನ್ನು ಒಳಗಿನಿಂದಲೇ ತೆಳುವಾಗಿಸಬೇಕು. ದ್ರವ ಅಂಟನ್ನು ಮಿತವಾಗಿ ಬಳಸಿ, ಪೂರ್ತಿ ಒಣಗುವವರೆಗೆ ಕಾದು ಸಂದು ಉಜ್ಜಬೇಕು. ಕ್ಯಾನೊಪಿಗೆ ಮಾತ್ರ ಆ ಅಂಟು ತಾಗಿದರೆ ಮಬ್ಬಾಗುತ್ತದೆ, ಅಲ್ಲಿ ಬಿಳಿ ಅಂಟೇ ಸೂಕ್ತ.

ವ್ಯಾಕ್ಯೂಫಾರ್ಮ್ ಎಂದರೆ ಮುಖ ತಿರುಗಿಸುವವರಲ್ಲಿ ಅನೇಕರು ತಮ್ಮ ಉತ್ತಮ ಇಂಜೆಕ್ಷನ್ ಕಿಟ್‌ಗಳಿಗೆ ನ್ಯೂಜಿಲೆಂಡಿನ ಫಾಲ್ಕನ್ ಮುಂತಾದವರ ವ್ಯಾಕ್ಯೂಫಾರ್ಮ್ ಕ್ಯಾನೊಪಿಗಳನ್ನೇ ಕೊಂಡು ಕೂರಿಸುತ್ತಾರೆ, ಏಕೆಂದರೆ ಅಷ್ಟು ತೆಳುವಾದ, ತಿಳಿಯಾದ ಗಾಜಿನ ನೋಟ ದಪ್ಪ ಇಂಜೆಕ್ಷನ್ ಭಾಗದಲ್ಲಿ ಬರುವುದಿಲ್ಲ. ಕ್ಯಾನೊಪಿ ಕತ್ತರಿಸಬಲ್ಲ ಕೈ ಒಡಲನ್ನೂ ಕತ್ತರಿಸಬಲ್ಲದು.

ಹಳೆಯ ಕಿಟ್‌ಗಳನ್ನು ಮಾರುವವರಲ್ಲಿ ಒಂದು ವಿನಂತಿ. ಪೆಟ್ಟಿಗೆಯ ಚಿತ್ರದ ಜೊತೆಗೆ ಹಾಳೆಯನ್ನು ಬೆಳಕಿಗೆ ಹಿಡಿದ ಫೋಟೊವನ್ನೂ ತೋರಿಸಿ, ಕ್ಯಾನೊಪಿ ಮತ್ತು ಲೋಹದ ಭಾಗಗಳು ಇವೆಯೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ತಿಳಿಸಲಿ. ತಮ್ಮ ಪತ್ರಿಕೆಯೂ ಈ ವಿಷಯಕ್ಕೆ ಮತ್ತೆ ಜಾಗ ಕೊಡುವುದಾದರೆ, ಹೊಸಬರಿಗೆ ಬೇಡವೆನ್ನುವ ಬದಲು ಉಜ್ಜುವ ಕ್ರಮವನ್ನು ಚಿತ್ರಗಳ ಸಮೇತ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮಾದರಿ ವಿಮಾನ ಹವ್ಯಾಸಿ