ಅಂಗಡಿಯವರೇ, ಯಾವ ಮೀನು ಯಾವುದರ ಜೊತೆ ಬದುಕುತ್ತೆ ಅಂತ ಒಂದು ಬೋರ್ಡ್ ಹಾಕಿ

ಮಾನ್ಯ ಸಂಪಾದಕರೇ,

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋದಾಗ ಅಲ್ಲಿ ಮೀನು, ಹಕ್ಕಿ ಮಾರೋ ಸಾಲು ನೋಡಿ ನಮ್ಮ ಮಗ ಮನೆಗೆ ಅಕ್ವೇರಿಯಂ ಬೇಕು ಅಂತ ಹಟ ಹಿಡಿದಿದ್ದ. ಹೋದ ವರ್ಷ ಹುಟ್ಟುಹಬ್ಬಕ್ಕೆ ನಮ್ಮ ಕಡೆಯ ಒಂದು ಅಂಗಡಿಯಿಂದ ಎರಡಡಿ ಟ್ಯಾಂಕ್ ತಂದ್ವಿ. ಎರಡಡಿ ಅಂದ್ರೆ ಕಲ್ಲು ಹಾಕಿದ ಮೇಲೆ 50 ಲೀಟರ್ ನೀರೂ ಹಿಡಿಯಲ್ಲ. ಅದಕ್ಕೆ ಅವತ್ತೇ ಅಂಗಡಿಯ ಹುಡುಗ ಎರಡು ಗೋಲ್ಡ್ ಫಿಶ್, ನಾಲ್ಕು ಟೈಗರ್ ಬಾರ್ಬ್, ಒಂದು ಫೈಟರ್, ಅಂಗೈಯಗಲದ ಎರಡು ಏಂಜೆಲ್, ಆರು ನಿಯಾನ್ ಟೆಟ್ರಾ, ಜೊತೆಗೆ ಗಾಜು ಕ್ಲೀನ್ ಮಾಡುತ್ತೆ ಅಂತ ಒಂದು ಸಕ್ಕರ್, ಎಲ್ಲಾ ಕಟ್ಟಿ ಕೊಟ್ಟ. ಎಲ್ಲಾ ಒಟ್ಟಿಗೆ ಇರುತ್ತಾ ಅಂತ ನಾನು ಎರಡೆರಡು ಸಲ ಕೇಳಿದೆ, "ಸಬ್ ಚಲೇಗಾ ಭಾಭೀ" ಅಂದ.

ಮೂರನೇ ದಿನಕ್ಕೆ ಫೈಟರಿನ ಬಾಲ ಹಳೇ ಸೀರೆಯ ಅಂಚಿನ ಹಾಗೆ ಎಳೆ ಎಳೆಯಾಗಿ ಬಿಟ್ಟಿತ್ತು. ಟೈಗರ್ ಬಾರ್ಬುಗಳು ಹಿಂದಿನಿಂದ ಬಂದು ಕಚ್ಚಿ ಓಡ್ತಿದ್ವು, ಅದು ಪಾಪ ಫಿಲ್ಟರ್ ಪೈಪಿನ ಮೂಲೆಯಲ್ಲಿ ತಲೆ ತೂರಿಸಿಕೊಂಡು ಇಡೀ ದಿನ ಹಾಗೇ ನಿಲ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಲೈಟ್ ಹಾಕಿದ್ರೆ ಆರು ನಿಯಾನಿನಲ್ಲಿ ನಾಲ್ಕೇ ಇವೆ, ಮಗ ಕಲ್ಲಿನ ಸಂದಿಯಲ್ಲೆಲ್ಲ ಹುಡುಕಿದ, ಒಂದೂ ಇಲ್ಲ, ಏಂಜೆಲ್ ಹೊಟ್ಟೆ ಮಾತ್ರ ಉಬ್ಬಿತ್ತು. "ಅಮ್ಮಾ, ಅವು ಫ್ರೆಂಡ್ಸ್ ಅಲ್ವಾ?" ಅಂತ ಕೇಳಿದ, ನನ್ನ ಹತ್ರ ಉತ್ತರ ಇರ್ಲಿಲ್ಲ.

ನಮ್ಮ ಮೇಲಿನ ಮಹಡಿಯಲ್ಲಿ ಕುಂದಾಪುರ ಕಡೆಯ ಅಣ್ಣ ಒಬ್ರಿದ್ದಾರೆ, ಹತ್ತಿಪ್ಪತ್ತು ವರ್ಷದಿಂದ ಮೀನು ಸಾಕಿದವರು. ಅವರು ಬಂದು ನೋಡಿ "ಅಕ್ಕಾ, ಇದ್ರಲ್ಲಿ ಯಾವುದಕ್ಕೂ ಯಾವುದೂ ಸರಿಹೋಗಲ್ಲ" ಅಂದ್ರು. ಗೋಲ್ಡ್ ಫಿಶ್ ತಣ್ಣೀರಿನ ಮೀನಂತೆ, 20-22 ಡಿಗ್ರಿಯಲ್ಲಿ ಹಾಯಾಗಿರೋದು. ಮುಂಬಯಿಯ ಮೇ ತಿಂಗಳಲ್ಲಿ ನೀರು 30 ದಾಟುತ್ತೆ, ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ, ಅದಕ್ಕೇ ಮೇಲೆ ಬಂದು ಬಾಯಿ ಬಾಯಿ ಬಿಡುತ್ತೆ. ಅಲ್ಲದೆ ಅದು ಗಲೀಜು ಮಾಡೋದು ಜಾಸ್ತಿ, ಹೊಸ ಟ್ಯಾಂಕಿನಲ್ಲಿ ಆ ಗಲೀಜಿನ ಅಮೋನಿಯಾ ಅರಗಿಸೋ ಬ್ಯಾಕ್ಟೀರಿಯಾನೇ ಇರಲ್ಲ, ಅದು ಫಿಲ್ಟರಿನ ಸ್ಪಂಜಲ್ಲಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು, ಅಷ್ಟರೊಳಗೆ ಅಮೋನಿಯಾ ಮೀನಿನ ಕಿವಿರು ಸುಡುತ್ತೆ. ಟ್ಯಾಂಕ್, ಮೀನು ಎರಡನ್ನೂ ಒಂದೇ ದಿನ ಮಾರಿದ್ದೇ ತಪ್ಪು ಅಂತ ನನಗೆ ಆಗ ಗೊತ್ತಾಗಿದ್ದು. ಒಂದು ಗೋಲ್ಡ್ ಫಿಶ್ ಅಷ್ಟರಲ್ಲಿ ಹೋಗಿತ್ತು, ಇನ್ನೊಂದನ್ನೂ ಏಂಜೆಲ್, ಬಾರ್ಬುಗಳನ್ನೂ ಆ ಅಣ್ಣನೇ ತಮ್ಮ ಪರಿಚಯದ ದೊಡ್ಡ ಟ್ಯಾಂಕಿದ್ದವರ ಮನೆಗಳಿಗೆ ಕಳಿಸಿದ್ರು. ಫೈಟರಿಗೆ ಮುಚ್ಚಳ ಇರೋ ಬೇರೆ ಟ್ಯಾಂಕ್ ಮಾಡಿದ್ವಿ, ಅದು ಹಾರುತ್ತೆ, ಮತ್ತೆ ಗಂಡು ಫೈಟರ್ ಇನ್ನೊಂದು ಗಂಡನ್ನ ಹತ್ರ ಸೇರಿಸಲ್ಲ.

ಈಗ ನಮ್ಮ ಎರಡಡಿಯಲ್ಲಿ ಹತ್ತು ನಿಯಾನ್, ಕೆಳಗೆ ಮರಳಲ್ಲಿ ಮೂತಿ ಆಡಿಸ್ಕೊಂಡು ಐದು ಕೋರಿ ಅನ್ನೋ ಪುಟ್ಟ ಮೀನು, ಆ ಸಕ್ಕರ್ ಒಂದನ್ನ ಬಿಟ್ರೆ ಅಷ್ಟೇ. ನಿಯಾನ್ ಗುಂಪಲ್ಲಿದ್ರೇ ಧೈರ್ಯ, ಎರಡು ಮೂರು ತಂದ್ರೆ ಗಿಡದ ಹಿಂದೆ ಅಡಗ್ತವೆ. ನಿಯಾನ್ ಮಧ್ಯದ ನೀರಿನ ಮೀನು, ಕೋರಿ ತಳದ್ದು, ಒಂದರ ದಾರಿಗೆ ಒಂದು ಅಡ್ಡ ಬರಲ್ಲ, ಎರಡೂ ಶಾಂತ ಮೀನು, ಎರಡಕ್ಕೂ ಹೆಚ್ಚು ಕಮ್ಮಿ ಒಂದೇ ಥರ ನೀರು ಸಾಕು. ನಾವು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸ್ತೀವಿ, ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿ. ಗಪ್ಪಿ ಬೇಕು ಅಂದವರಿಗೆ ಒಂದು ಮಾತು, ಗಂಡು ಹೆಣ್ಣು ಎರಡೂ ತಂದ್ರೆ ತಿಂಗಳಿಗೊಂದು ಸಲ ಮರಿ, ಜಾಗ ಸಾಲಲ್ಲ.

ಸಂಪಾದಕರೇ, ನಿಮ್ಮ ಪತ್ರಿಕೆ ಮೂಲಕ ಅಂಗಡಿಯವರನ್ನ ಕೇಳ್ಕೊಳ್ಳೋದು ಇಷ್ಟೇ. ಪ್ರತಿ ಗಾಜಿನ ಮೇಲೆ ರೇಟಿನ ಚೀಟಿ ಹೇಗೂ ಅಂಟಿಸ್ತೀರಿ, ಅದರ ಕೆಳಗೇ ಮೂರು ಸಾಲು ಬರೀರಿ: ದೊಡ್ಡದಾದ್ರೆ ಎಷ್ಟು ಇಂಚು, ಕಮ್ಮಿ ಅಂದ್ರೆ ಎಷ್ಟು ಒಟ್ಟಿಗೆ ಇರ್ಬೇಕು, ಯಾವುದರ ಜೊತೆ ಹಾಕ್ಬಾರ್ದು. ನಮ್ಮವರು ಚಿಕ್ಕ ಚಿಕ್ಕ ಫ್ಲ್ಯಾಟಲ್ಲಿ ಇರೋರು, ಆರಡಿ ಟ್ಯಾಂಕ್ ಇಡೋಕೆ ಜಾಗ ಇಲ್ಲ, ಮಕ್ಕಳ ಆಸೆಗೆ ಅಂತ ತಗೊಳ್ತಾರೆ, ಅವರಿಗೆ ನಿಜ ಹೇಳಿ ಮಾರಿದ್ರೆ ಒಂದೆರಡು ಮೀನು ಕಮ್ಮಿ ಹೋಗಬಹುದು ಆದ್ರೆ ಮುಂದಿನ ತಿಂಗಳೂ ಅದೇ ಗಿರಾಕಿ ಬರ್ತಾರೆ.

ಎರಡಿಂಚು ಇದ್ದಾಗ ತಂದ ಆ ಸಕ್ಕರ್ ಈಗ ಎಂಟಿಂಚು ಆಗಿದೆ, ಅದು ಒಂದಡಿ ದಾಟುತ್ತಂತೆ, ನಮ್ಮ ಟ್ಯಾಂಕಲ್ಲಿ ತಿರುಗೋಕೂ ಕಷ್ಟ ಪಡ್ತಿದೆ. ಕೆರೆಗೆ ಬಿಟ್ಬಿಡಿ ಅಂತ ಇಬ್ಬರು ಮೂವರು ಹೇಳಿದ್ರು, ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ, ಅದು ಇಲ್ಲಿಯ ಮೀನಲ್ಲ, ಕೆರೆಯಲ್ಲಿ ಹೆಚ್ಚಾದ್ರೆ ನಮ್ಮ ಮೀನುಗಳಿಗೇ ತೊಂದರೆ. ಓದುಗರಲ್ಲಿ ಯಾರ ಮನೆಯಲ್ಲಾದ್ರೂ ಐದಾರು ಅಡಿ ಟ್ಯಾಂಕ್ ಇದ್ರೆ ಪತ್ರಿಕೆಗೆ ಎರಡು ಸಾಲು ಬರೀರಿ, ನಾನೇ ಬಕೆಟ್ಟಲ್ಲಿ ತಂದು ಕೊಡ್ತೀನಿ.

ಇಂತಿ,
ಡೊಂಬಿವಲಿಯ ಒಬ್ಬ ಓದುಗಿ