ಸರಕು ವಿಮಾನಗಳ ಹಂಚಿಕೆ ಬಹಿರಂಗವಾಗಲಿ

ಅಂತರರಾಷ್ಟ್ರೀಯ ಸರಕು ಚಾರ್ಟರ್ (ನಿಗದಿತ ವೇಳಾಪಟ್ಟಿಯಿಲ್ಲದೆ ಬಾಡಿಗೆಗೆ ಪಡೆದು ನಡೆಸುವ) ಹಾರಾಟಗಳಿಗೆ ಸರ್ಕಾರ ಮಿತಿ ವಿಧಿಸುವಾಗ, ಅವುಗಳನ್ನು ಯಾವ ವಿಮಾನಯಾನ ಸಂಸ್ಥೆಗೆ ಯಾವ ಮಾನದಂಡದ ಮೇಲೆ ಹಂಚಲಾಯಿತು ಎಂಬುದು ಸಾರ್ವಜನಿಕರಿಗೆ ತಿಳಿಯಲೇಬೇಕು. ವಿದೇಶಿ ಸಂಸ್ಥೆಗಳ ಅನಿಗದಿತ ಸರಕು ವಿಮಾನಗಳನ್ನು 2020ರಲ್ಲಿ ಬೆಂಗಳೂರು ಸೇರಿದಂತೆ ಆರು ನಿಲ್ದಾಣಗಳಿಗೆ ಸೀಮಿತಗೊಳಿಸಿದಾಗ, ದೇಶೀಯ ಸಂಸ್ಥೆಗಳಿಗೆ ಒತ್ತಾಸೆ ನೀಡುವ ಆಶಯವಿತ್ತು, ಅದು ತಪ್ಪಲ್ಲ. ಆದರೆ ನಮ್ಮ ಸಂಸ್ಥೆಗಳ ಸರಕು ವಿಮಾನಗಳಲ್ಲಿ ಹೆಚ್ಚಿನವು ಯುರೋಪಿನವರೆಗೆ ತಡೆರಹಿತವಾಗಿ ಹಾರಲಾರದ ಸಣ್ಣ ವಿಮಾನಗಳು ಎಂಬುದನ್ನು ಮರೆತು ಅನುಮತಿ ಹಂಚಿದರೆ, ಕಾಗದದ ಮೇಲೆ ಅವಕಾಶವಿದ್ದೂ ಸರಕು ಗೋದಾಮಿನಲ್ಲೇ ಉಳಿಯುತ್ತದೆ.

ಇದರ ಪೆಟ್ಟು ಮೊದಲು ಬೀಳುವುದು ಬೇಗ ಕೆಡುವ ಸರಕಿನ ಮೇಲೆ. ಫೆಬ್ರುವರಿ ಮೊದಲೆರಡು ವಾರಗಳಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಗುಲಾಬಿ ರಫ್ತು ಉತ್ತುಂಗಕ್ಕೇರುತ್ತದೆ. ಪ್ರೇಮಿಗಳ ದಿನವಾದ ಫೆಬ್ರುವರಿ 14ರ ನಂತರ ತಲುಪಿದ ಹೂವಿಗೆ ಬೆಲೆ ಎಲ್ಲಿಂದ ಬರಬೇಕು? ಬ್ಯಾಂಕ್ ಸಾಲ ಮಾಡಿ ಪಾಲಿಹೌಸ್ ಕಟ್ಟಿದ ಬೆಳೆಗಾರ ಆ ನಷ್ಟವನ್ನು ಯಾರ ಬಳಿಯೂ ವಸೂಲು ಮಾಡಲಾಗದು.

ಆದ್ದರಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪ್ರತಿ ಹಂಚಿಕೆಯ ವಿವರವನ್ನು, ತಿರಸ್ಕೃತ ಅರ್ಜಿಗಳ ಕಾರಣ ಸಮೇತ, ತನ್ನ ಜಾಲತಾಣದಲ್ಲಿ ಪ್ರಕಟಿಸಲಿ. ಪಡೆದ ಅನುಮತಿಯನ್ನು ನಿಗದಿತ ಅವಧಿಯೊಳಗೆ ಬಳಸದ ಸಂಸ್ಥೆಯಿಂದ ಅದನ್ನು ಹಿಂಪಡೆದು, ಸರಕು ಸಾಗಿಸಲು ಸಿದ್ಧವಿರುವ ಇನ್ನೊಂದು ಸಂಸ್ಥೆಗೆ ಕೂಡಲೇ ನೀಡುವ ನಿಯಮವೂ ಜಾರಿಗೆ ಬರಲಿ.

– ಓದುಗ, ಯಲಹಂಕ, ಬೆಂಗಳೂರು