ಎಡಗೈ ಭಾವನದು

ಭಾನುವಾರ ರಾತ್ರಿ ‘ಹೇಡೀಸ್’ ಅನ್ನೋ ವಿಡಿಯೋ ಗೇಮ್ ಮುಗಿಸಿದೆ. ಹತ್ತನೇ ಸಲ ಪಾತಾಳದಿಂದ ತಪ್ಪಿಸಿಕೊಂಡು ಮೇಲೆ ಬಂದಾಗ ಕೊನೆಗೂ ಗೇಮ್ ಮಾಡಿದವರ ಹೆಸರುಗಳು ಬಂದವು. ಗೇಮ್ ಆಡುವವರಿಗೆ ಇದೇನು ದೊಡ್ಡ ವಿಷಯ ಅಲ್ಲ. ನನಗೆ ದೊಡ್ಡದು. ಹತ್ತನೇ ಸಲ ನಾನು ಎರಡೂ ಕೈಯಲ್ಲಿ ಆಡಿದೆ.

ನನ್ನ ಎಡಗೈ ಮುರಿದ ದಿನ ಏನಾಯಿತು, ಹೇಗಾಯಿತು, ಎಷ್ಟು ರಾಡ್ ಹಾಕಿದರು ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಬರೆಯಲ್ಲ. ರಕ್ತ ಕೊಟ್ಟವರು, ದುಡ್ಡು ಹಾಕಿದವರು, ಬೆಂಗಳೂರಿನ ರೂಮ್ ಖಾಲಿ ಮಾಡಿ ಸಾಮಾನೆಲ್ಲ ಹಾಸನಕ್ಕೆ ತಂದುಕೊಟ್ಟ ಗೆಳೆಯರು, ಚಪಾತಿ ಹರಿದು ತಟ್ಟೆಗೆ ಹಾಕುತ್ತಿದ್ದ ಅಕ್ಕ, ಗೇಮ್ ಕಂಟ್ರೋಲರಿನ ಸ್ಟಿಕ್ ತಿರುಗಿಸುವುದೂ ವ್ಯಾಯಾಮವೇ ಅಂದ ಫಿಸಿಯೋ ಮೇಡಂ, ಎಲ್ಲರಿಗೂ ಋಣಿ. ಒಂದೇ ಸಾಲಲ್ಲಿ ಮುಗಿಸಿದೆ ಅಂತ ಅಕ್ಕ ಬೈತಾಳೆ, ಬೈಯಲಿ. ಉಳಿದದ್ದೆಲ್ಲ ಭಾವನಿಗೆ.

ಭಾವ ಕೆಎಸ್‌ಆರ್‌ಟಿಸಿ ಡ್ರೈವರ್. ಹಾಸನ–ಮಂಗಳೂರು ನೈಟ್ ಡ್ಯೂಟಿ. ಶಿರಾಡಿ ಘಾಟಿಯ ತಿರುವುಗಳೆಲ್ಲ ಬಾಯಿಪಾಠ. ಗೇಮ್ ಅಂದರೆ ಅವರಿಗೆ ಇಸ್ಪೀಟು, ಅದೂ ಯುಗಾದಿಗೆ ಮಾತ್ರ.

ಎರಡನೇ ಆಪರೇಷನ್ ಆಗಿ ಮನೆಗೆ ಬಂದ ಮೂರನೇ ರಾತ್ರಿ. ಒಂದೂವರೆ ಗಂಟೆ ಇರಬೇಕು. ಬಚ್ಚಲಿಗೆ ಹೋದವನಿಗೆ ಲುಂಗಿ ಬಿಚ್ಚಿಹೋಯಿತು. ಒಂದು ಕೈಲಿ ಲುಂಗಿ ಕಟ್ಟೋಕೆ ನೋಡಿ, ನೀವೇ. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅಳುತ್ತಿದ್ದೆ. ಭಾವ ಬಂದರು. ಏನೂ ಕೇಳಲಿಲ್ಲ. ಎಬ್ಬಿಸಿ, ಲುಂಗಿ ಸುತ್ತಿ, ಚಿಕ್ಕ ಹುಡುಗನಿಗೆ ಕಟ್ಟಿದ ಹಾಗೆ ಸೊಂಟದ ಹತ್ತಿರ ಎರಡು ಸಲ ಬಿಗಿದರು. ಮೂವತ್ತೊಂದು ವರ್ಷದ ಗಂಡಸು ನಾನು. ‘ಅವತ್ತೇ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು ಭಾವ’ ಅಂದುಬಿಟ್ಟೆ.

ಅದಕ್ಕವರು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ರೂಮಿಗೆ ಕರೆದುಕೊಂಡು ಬಂದು ಕೂರಿಸಿದರು. ಲ್ಯಾಪ್‌ಟಾಪ್ ಪಕ್ಕ ಕಂಟ್ರೋಲರ್ ಬಿದ್ದಿತ್ತು. ಗೆಳೆಯನೊಬ್ಬ ಗೇಮ್ ಸಮೇತ ಕೊಡಿಸಿದ್ದು. ಒಂದು ಕೈಲಿ ಆಗಲ್ಲ ಅಂತ ಮುಟ್ಟಿರಲಿಲ್ಲ. ಅದನ್ನು ಎತ್ತಿ ತಿರುಗಿಸಿ ನೋಡಿದರು.

‘ಇದ್ರಲ್ಲಿ ಸ್ಟೇರಿಂಗ್ ಯಾವ್ದೋ?’

ಎಡಗಡೆ ಸ್ಟಿಕ್ ತೋರಿಸಿದೆ.

‘ಸರಿ. ಗಾಡಿ ನಾನು ಓಡಿಸ್ತೀನಿ. ಹೊಡೆಯೋದು ನೀನು ಹೊಡಿ.’

ಹಾಗೆ ಶುರುವಾಯಿತು. ಒಂದೇ ಕಂಟ್ರೋಲರ್, ಎಡ ಅರ್ಧ ಅವರ ಕೈಲಿ, ಬಲ ಅರ್ಧ ನನ್ನ ಕೈಲಿ. ಕಥೆ ಸರಳ. ಪಾತಾಳದ ದೊರೆ ಹೇಡೀಸ್‌ನ ಮಗ ಝಾಗ್ರಿಯಸ್ ಅಪ್ಪನ ಮನೆ ಬಿಟ್ಟು ಓಡಿಹೋಗಬೇಕು. ಸತ್ತರೆ ರಕ್ತದ ಕೊಳದಿಂದ ಎದ್ದು ಮತ್ತೆ ಅದೇ ಮನೆಗೆ. ಬಾಗಿಲಲ್ಲೇ ನಿದ್ದೆಯ ದೇವರು ಹಿಪ್ನೋಸ್ ಪಟ್ಟಿ ಹಿಡಿದು, ಈ ಸಲ ಸತ್ತದ್ದು ಯಾರ ಕೈಲಿ ಅಂತ ಓದಿ ಹೇಳುತ್ತಾನೆ. ನಿದ್ದೆ ಬರದ ಇಬ್ಬರಿಗೆ ನಿದ್ದೆಯ ದೇವರ ಉಪದೇಶ!

ಗೇಮಿನಲ್ಲಿ ‘ಗಾಡ್ ಮೋಡ್’ ಅಂತ ಒಂದು ಸೌಲಭ್ಯ ಇದೆ, ಹಾಕಲು ನನಗೆ ನಾಚಿಕೆ. ಅದನ್ನು ಹಾಕಿದರೆ ಬೀಳುವ ಏಟು ಮೊದಲೇ ಶೇಕಡಾ 20 ಕಮ್ಮಿ. ಆಮೇಲೆ ಸತ್ತಾಗಲೆಲ್ಲ ಇನ್ನೂ 2 ಕಮ್ಮಿ, 80 ಆಗುವವರೆಗೆ. ಭಾವನಿಗೆ ಹೇಳಿದೆ. ‘ಬಿದ್ದವನಿಗೆ ಕನ್ಸೆಷನ್ನು. ನ್ಯಾಯವಾಗೇ ಇದೆ, ಹಾಕು’ ಅಂದರು.

ಬೆಳಗಾಗುವಷ್ಟರಲ್ಲಿ ಎಂಟು ಸಲ ಸತ್ತಿದ್ದೆವು. ಕನ್ಸೆಷನ್ 36. ಎಂಟನೇ ಸಲ ದಾರಿಗಡ್ಡ ನಿಲ್ಲುವ ಮೆಗೇರಾಳನ್ನು ಸೋಲಿಸಿ, ಪಾತಾಳದ ಮೊದಲ ಹಂತ ಟಾರ್ಟರಸನ್ನು ಮೊದಲ ಬಾರಿ ದಾಟಿದಾಗ ಭಾವ ಮೆಲ್ಲಗೆ ‘ಮುಂದಿನ ಸ್ಟಾಪು ಆಸ್ಫೊಡೆಲ್, ಇಳಿಯೋರು ಮುಂದೆ ಬನ್ನಿ’ ಅಂದರು. ಅಲ್ಲಿ ನೆಲವೆಲ್ಲ ಲಾವಾ. ನಾನು ಡ್ಯಾಶ್, ಅಂದರೆ ಛಂಗನೆ ಮುನ್ನುಗ್ಗುವ ಬಟನ್, ಒತ್ತಿದಾಗಲೇ ಅವರು ಸ್ಟಿಕ್ ತಿರುಗಿಸಿದರು, ನೇರ ಬೆಂಕಿಗೆ. ತಪ್ಪು ಯಾರದು ಅಂತ ಜಗಳ ಆಡುವಾಗ ನಾನು ನಗುತ್ತಿದ್ದೆ. ಗಮನಿಸಿದ್ದು ಆಮೇಲೆ.

ಅಲ್ಲಿಂದ ಅವರಿಗೆ ರಜೆ ಇದ್ದಾಗಲೆಲ್ಲ ಎರಡು ಟ್ರಿಪ್. ಹೊರಡುವ ಮುಂಚೆ ಮೂರು ತಲೆಯ ನಾಯಿ ಸೆರ್ಬೆರಸ್ ತಲೆ ಸವರಲೇಬೇಕು, ಇಲ್ಲದಿದ್ದರೆ ಗಾಡಿ ಹೊರಡಲ್ಲ.

(ಆಡದವರು ಈ ಪ್ಯಾರಾ ಬಿಡಿ.) ಮೊದಲ ಸಲ ಅಪ್ಪನನ್ನೇ ಸೋಲಿಸಿ ಹೊರಬಂದು, ಅಮ್ಮ ಪರ್ಸೆಫೊನೆಯನ್ನು ನೋಡಿದ ಸ್ವಲ್ಪ ಹೊತ್ತಿಗೇ ಝಾಗ್ರಿಯಸ್ ಸಾಯುತ್ತಾನೆ. ಅವನಿಗೆ ಮೇಲಿನ ಲೋಕದಲ್ಲಿ ಬದುಕೋಕಾಗಲ್ಲ. ನನಗೆ ಸಿಟ್ಟು ಬಂತು. ಇಷ್ಟಕ್ಕಾ ಇಷ್ಟೆಲ್ಲ? ಕಂಟ್ರೋಲರ್ ಎಸೆಯೋದಕ್ಕೂ ಅರ್ಧ ಅವರ ಕೈಲಿತ್ತು. ‘ರಿಟರ್ನ್ ಟ್ರಿಪ್ ಇರೋದೇ ಕಣೋ. ಮಂಗಳೂರಿಗೆ ಹೋದೋನು ಅಲ್ಲೇ ಇರ್ತೀನಾ?’ ಅಂದರು.

ಗೇಮ್ ಮಾಡಿದ ಸೂಪರ್‌ಜೈಂಟ್ ಗೇಮ್ಸ್‌ಗೂ ಥ್ಯಾಂಕ್ಸ್. ಸ್ಯಾನ್ ಫ್ರಾನ್ಸಿಸ್ಕೋದ ಸಣ್ಣ ತಂಡ. 2018ರ ಡಿಸೆಂಬರಿನಲ್ಲಿ ಅರ್ಧ ಮುಗಿದ ಗೇಮನ್ನೇ ಆಟಗಾರರ ಕೈಗೆ ಕೊಟ್ಟು, ತಿದ್ದುತ್ತಾ ತಿದ್ದುತ್ತಾ 2020ರ ಸೆಪ್ಟೆಂಬರಿಗೆ ಪೂರ್ತಿ ಮಾಡಿದರಂತೆ. ಝಾಗ್ರಿಯಸ್‌ಗೆ ದನಿ ಕೊಟ್ಟದ್ದು ಸಂಗೀತ ಮಾಡಿದ ಡ್ಯಾರೆನ್ ಕಾರ್ಬ್ ಅವರೇ ಅಂತ ಹೇಳಿದಾಗ ಭಾವ, ‘ಡ್ರೈವರ್ ಕಮ್ ಕಂಡಕ್ಟರ್’ ಅಂದರು.

ಭಾನುವಾರ ಅವರಿಗೆ ಡ್ಯೂಟಿ ಇತ್ತು. ಎಡಗೈ ಇನ್ನೂ ನಡುಗುತ್ತದೆ, ಹೆಬ್ಬೆರಳು ಹೇಳಿದ ಮಾತು ಕೇಳಲ್ಲ. ಆದರೂ ಆಡಿದೆ. ರಾತ್ರಿ ಹನ್ನೆರಡಕ್ಕೆ ಸಕಲೇಶಪುರ ಬಸ್‌ಸ್ಟ್ಯಾಂಡಿಂದ ಫೋನ್ ಮಾಡಿದರು. ಮುಗಿಸಿದೆ ಭಾವ, ನಾನೊಬ್ಬನೇ, ಅಂದೆ. ಹಿಂದೆ ಎಂಜಿನ್ ಸದ್ದು.

‘ನಾಯಿ ತಲೆ ಸವರಿದ್ಯಾ?’